ಮೂರನೇ ದಿನದ ಕೆಳಗಿನ ಜಾಗ

ಮೂವತ್ತೊಂದು ವರ್ಷ ನಾನು ಬೇರೆಯವರನ್ನು ಸಮುದ್ರದ ದಡಕ್ಕೆ ಕಳಿಸುವ ಕೆಲಸ ಮಾಡಿದೆ. ನಾನು ಕಣ್ಣಾರೆ ನೋಡಿದ ಸಮುದ್ರಗಳು ಎರಡೇ. ಮದುವೆಯಾದ ವರ್ಷ ಮಲ್ಪೆ, ಮಗಳ ಪರೀಕ್ಷೆಗೆಂದು ಹೋದಾಗ ಚೆನ್ನೈ. ಉಳಿದವನ್ನೆಲ್ಲ ವೈಟ್‌ಫೀಲ್ಡ್‌ನ ಒಂದು ಮೇಜಿನ ಮುಂದೆ, ಆಮೇಲೆ ಪೀಣ್ಯದ ಇನ್ನೊಂದು ಮೇಜಿನ ಮುಂದೆ ಕೂತು ನೋಡಿದ್ದು. ಟ್ರಾವೆಲ್ ಏಜೆನ್ಸಿಗೆ ಹೊಸದಾಗಿ ಸೇರುವವರು ಈಗಲೂ ಫೋನ್ ಮಾಡಿ, 'ಏನಾದ್ರೂ ಹೇಳಿಕೊಡಿ ಮೇಡಂ' ಎನ್ನುತ್ತಾರೆ. ಹೇಳಿಕೊಡುವಂಥದ್ದು ನನ್ನ ಹತ್ತಿರ ಹೆಚ್ಚಿಲ್ಲ. ಒಂದು ಹಾಳೆಯ ವಿಷಯ ಇದೆ. ಅದಕ್ಕೆ ಮುಂಚೆ ಕೆಲಸ ಹೇಗಿತ್ತು ಎಂದು ಹೇಳಿದರೇ ಆ ಹಾಳೆ ಅರ್ಥವಾಗುವುದು.

ನಮ್ಮದು ಕಾಡುಗೋಡಿಯ ಹಳೆಯ ಮನೆತನ. ಹೊಲ ಹೋಗಿ ಆಫೀಸುಗಳು ಬಂದಾಗ ನಮ್ಮ ಮನೆಯಲ್ಲಿ ಮೊದಲು ಆಫೀಸಿಗೆ ಹೋದವಳು ನಾನು. ಆಗ ಗೋಡೆಯ ಮೇಲೊಂದು ದೊಡ್ಡ ಭೂಪಟ, ಮೇಜಿನ ಮೇಲೆ ಫ್ಯಾಕ್ಸ್ ಯಂತ್ರ. ಹೋಟೆಲಿಗೆ ಬರೆದರೆ ಉತ್ತರಕ್ಕೆ ಎರಡು ದಿನ ಕಾಯಬೇಕು. ಉತ್ತರದ ಕಾಗದ ಸುರುಳಿಯಾಗಿ ಹೊರಬರುವಾಗ ನಾವೆಲ್ಲ ಸುತ್ತ ನಿಂತು ನೋಡುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು, ಗಿರಾಕಿಗಳು ಬದಲಾದರು. ಸಾಫ್ಟ್‌ವೇರಿನವರು ಎಲ್ಲವನ್ನೂ ತಾವೇ ಹುಡುಕಿಕೊಂಡು ಬಂದು ನಮ್ಮನ್ನು ಪರೀಕ್ಷೆ ಮಾಡುತ್ತಿದ್ದರು.

ಅಂಥವರೊಬ್ಬರ ಅತ್ತೆಮಾವನನ್ನು ನಾನು ಒಮ್ಮೆ ಒಂದೇ ನಗರದ ಎರಡು ವಿಮಾನ ನಿಲ್ದಾಣಗಳ ನಡುವೆ ಸಿಲುಕಿಸಿದೆ. ಇಳಿಯುವುದು ಒಂದರಲ್ಲಿ, ಹತ್ತುವುದು ಊರಾಚೆಯ ಇನ್ನೊಂದರಲ್ಲಿ. ನಾನು ನೋಡಿದ್ದು ನಗರದ ಹೆಸರನ್ನು ಮಾತ್ರ. ಆ ಹಿರಿಯರು ಭಾಷೆ ಗೊತ್ತಿಲ್ಲದ ಊರಿನಲ್ಲಿ ಚೀಲ ಎಳೆದುಕೊಂಡು ಟ್ಯಾಕ್ಸಿ ಹಿಡಿದರು, ವಿಮಾನವನ್ನೂ ಹಿಡಿದರು. ವಾಪಸ್ ಬಂದ ಮೇಲೆ ಸಿಹಿ ಹಂಚಲು ಬಂದಿದ್ದರು. ಅಂದಿನಿಂದ ನಿಲ್ದಾಣದ ಹೆಸರನ್ನು ಬೆರಳಿಟ್ಟು ಓದುವುದು ರೂಢಿಯಾಯಿತು. ತಪ್ಪಾದ ಮೇಲೆ ಗಿರಾಕಿ ನಗುತ್ತಾ ಬಂದರೆ ನಮಗೆ ಬುದ್ಧಿ ಬರುತ್ತದೆ ಎಂದು ಆಗ ಅಂದುಕೊಂಡಿದ್ದೆ.

ಪೀಣ್ಯ ಎರಡನೇ ಹಂತದಲ್ಲಿ ಶಾಖೆ ತೆರೆದಾಗ ನನ್ನನ್ನು ಅಲ್ಲಿಗೆ ಹಾಕಿದರು. ಅಲ್ಲಿನ ಗಿರಾಕಿಗಳು ಬೇರೆ ತರಹದವರು. ಲೇತ್ ಇಟ್ಟವರು, ಸ್ಪ್ರಿಂಗ್ ಮಾಡುವವರು, ಪೌಡರ್ ಕೋಟಿಂಗ್ ಮಾಡುವವರು. ವರ್ಷವಿಡೀ ಯಂತ್ರದ ಪಕ್ಕದಿಂದ ಅಲ್ಲಾಡದವರು. ಅವರ ಯಂತ್ರಗಳು ನಿಲ್ಲುವುದು ಆಯುಧಪೂಜೆಗೆ. ಕುಂಬಳಕಾಯಿ ಒಡೆದು, ಕೆಲಸದವರಿಗೆ ಸಿಹಿ ಕೊಟ್ಟು ಊರಿಗೆ ಕಳಿಸಿದರೆ ಮತ್ತೆ ಬಾಗಿಲು ತೆಗೆಯುವವರೆಗೆ ಸಿಗುವ ದಿನಗಳೇ ಅವರ ರಜೆ. ನಾವು ಪೀಣ್ಯದಲ್ಲಿ ಋತು ನೋಡಿ ಪ್ರವಾಸ ಹಾಕುತ್ತಿರಲಿಲ್ಲ, ಹಬ್ಬ ನೋಡಿ ಹಾಕುತ್ತಿದ್ದೆವು. ಪ್ರಪಂಚದ ಯಾವ ಮೂಲೆಯಾದರೂ ಸರಿ, ಪೀಣ್ಯದವರು ಅಲ್ಲಿ ಇಳಿಯುವುದು ದಸರೆಯ ಮರುವಾರ.

ನಮ್ಮ ಮ್ಯಾನೇಜರ್ ದಯಾನಂದ್ ಸಾರ್. ಕೆಟ್ಟ ಮನುಷ್ಯ ಅಲ್ಲ. ನನ್ನ ಗಂಡ ಆಸ್ಪತ್ರೆಯಲ್ಲಿದ್ದ ತಿಂಗಳು ನನ್ನ ಫೈಲುಗಳನ್ನೆಲ್ಲ ಅವರೇ ಮಾಡಿದ್ದರು. ಪ್ರವಾಸದ ಹಾಳೆಯ ಬಗ್ಗೆ ಅವರದು ಎರಡು ನಿಯಮ. ಹಾಳೆ ಒಂದೇ ಪುಟ ಇರಬೇಕು. ಅದರಲ್ಲಿ 'ಇಲ್ಲ', 'ಬೇಡಿ' ಬರಬಾರದು.

'ಜನ ರಜಕ್ಕೆ ಹೋಗೋದು ವನಜಾ, ಪರೀಕ್ಷೆಗಲ್ಲ. ಇಲ್ಲ ಅಂತ ಓದಿದ ತಕ್ಷಣ ಪಕ್ಕದ ಅಂಗಡಿಗೆ ಹೋಗ್ತಾರೆ' ಎನ್ನುತ್ತಿದ್ದರು.

ಹೀಗಾಗಿ ಸಸ್ಯಾಹಾರ ಸಿಗದ ಊರಿಗೆ 'ಸ್ಥಳೀಯ ರುಚಿಗಳ ಅನುಭವ' ಎಂದು ಬರೆಯುತ್ತಿದ್ದೆವು. ಲಿಫ್ಟ್ ಇಲ್ಲದ ಹೋಟೆಲಿಗೆ 'ಹಳೆಯ ಕಾಲದ ಸೊಗಸಾದ ಕಟ್ಟಡ'. ಆನೇಕಲ್ಲಿನ ರೈತರೊಬ್ಬರು, ಸೊಪ್ಪು ಬೆಳೆದು ಮಾರುವವರು, ಹೆಂಡತಿಯ ಜೊತೆ ಅಂಥ ಸೊಗಸಾದ ಕಟ್ಟಡದಲ್ಲಿ ನಾಲ್ಕು ದಿನ ಇದ್ದು ಬಂದರು. ರೂಮು ಐದನೇ ಮಹಡಿ. ವಾಪಸ್ ಬಂದವರು ನನ್ನ ಮೇಜಿನ ಮುಂದೆ ಕೂತು ಮೊಣಕಾಲು ಸವರಿಕೊಂಡು ಹೇಳಿದರು:

'ಅಲ್ಲ ಕಣಮ್ಮಾ, ಅಲ್ಲಿ ಮೆಟ್ಲು ಐತೆ ಅಂತ ಒಂದ್ ಮಾತು ಬರ್ದಿದ್ರೆ ನಿನ್ನ ಗಂಟೇನ್ ಓಗ್ತಿತ್ತು? ಮಂಡಿಗೆ ಕಟ್ಟೋ ಪಟ್ಟಿ ಮನೇಲೇ ಇತ್ತು, ತಗಂಡೋಗ್ತಿದ್ದೆ. ಇಂಗಾ ಮಾಡೋದು?'

ನಾವೆಲ್ಲ ನಕ್ಕೆವು. ಅವರೂ ನಕ್ಕರು. ಆ ಮಾತನ್ನು ಆಗಲೇ ಕೇಳಿಸಿಕೊಳ್ಳಬೇಕಾಗಿತ್ತು.

ಪೀಣ್ಯದಲ್ಲಿ ನಾನೇ ಶುರುಮಾಡಿದ ಪದ್ಧತಿಯೊಂದಿತ್ತು. ಯಜಮಾನರಿಗೆ ಇಂಗ್ಲಿಷ್ ಹಾಳೆ ಕೊಟ್ಟರೆ ಮಡಚಿ ಜೇಬಿಗಿಡುತ್ತಿದ್ದರು, ಓದುವವರೇ ಇರಲಿಲ್ಲ. ಹಾಗಾಗಿ ನಾನು ಹಾಳೆಯನ್ನು ಕನ್ನಡದಲ್ಲಿ ಮಾಡತೊಡಗಿದೆ. ಆಗ ಅದು ಹೆಂಡತಿಯರ ಕೈಗೆ ಹೋಯಿತು. ಅವರು ಅದನ್ನು ಪೂಜೆಯ ಸಾಮಾನಿನ ಪಟ್ಟಿ ಓದಿದಷ್ಟು ಶ್ರದ್ಧೆಯಿಂದ ಓದುತ್ತಿದ್ದರು. ಈ ಕೆಲಸದಲ್ಲಿ ನನಗೆ ಹೆಮ್ಮೆ ಅನ್ನಿಸಿದ್ದು ಇದೊಂದೇ.

ಕೋವಿಡ್ ಕಳೆದು ವೀಸಾಗಳು ಮತ್ತೆ ಸಿಗಲು ಶುರುವಾದ ವರ್ಷ, ದಸರೆಗೆ ಮೂರು ತಿಂಗಳಿರುವಾಗ, ರಂಗಸ್ವಾಮಿ ಮತ್ತು ಭಾಗ್ಯ ಬಂದರು. ರಂಗಸ್ವಾಮಿಯವರದು ಪೀಣ್ಯದಲ್ಲಿ ಆರು ಲೇತ್‌ಗಳ ಕಾರ್ಖಾನೆ, ಲಗ್ಗೆರೆಯಲ್ಲಿ ಮನೆ. ಐವತ್ತೈದರ ಆಸುಪಾಸು. ಭಾಗ್ಯ ಬ್ಯಾಗಿನಿಂದ ನಾಲ್ಕಾಗಿ ಮಡಚಿದ ಕ್ಯಾಲೆಂಡರ್ ಪುಟವೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಕಾರ್ಖಾನೆಗೆ ಕಟಿಂಗ್ ಟೂಲ್ ಮಾರುವ ಇಟಲಿಯ ಕಂಪನಿಯೊಂದು ಕಳಿಸಿದ್ದು. ಎರಡು ಬಂಡೆಗಳ ನಡುವೆ ಬೆಳ್ಳನೆಯ ಉರುಟುಗಲ್ಲಿನ ದಡ, ಹಸಿರು ನೀಲಿ ನೀರು, ನೀರಿನಲ್ಲಿ ನಿಂತ ಒಬ್ಬ ಮನುಷ್ಯ.

'ಇದು ಮೂರು ವರ್ಷದಿಂದ ಅಡುಗೆಮನೇಲಿ ಸ್ಟವ್ ಎದುರಿಗೆ ಇದೆ ಅಕ್ಕ. ಇಲ್ಲಿಗೇ ಹೋಗ್ಬೇಕು. ದೊಡ್ಡ ದೊಡ್ಡ ಊರೆಲ್ಲ ಬೇಡ.'

'ಮೇಡಂ, ನಾನು ಇವಳಿಗೆ ಬೆಳ್ಳಂದೂರು ಕೆರೆ ತೋರಿಸ್ತೀನಿ ಅಂದೆ' ಎಂದರು ರಂಗಸ್ವಾಮಿ. 'ಅಲ್ಲೂ ನೊರೆ ಬರುತ್ತೆ, ಅಲೆ ಇದ್ದಂಗೇ ಇರುತ್ತೆ. ಟಿಕೆಟ್ಟೂ ಇಲ್ಲ, ವೀಸಾನೂ ಇಲ್ಲ. ಒಪ್ಪಲಿಲ್ಲ ನೋಡಿ.'

'ಸುಮ್ನಿರ್ರೀ. ಇಪ್ಪತ್ತೆಂಟು ವರ್ಷದಲ್ಲಿ ಕೇಳಿದ್ದು ಇದೊಂದು.'

'ಒಂದೇ ಕೇಳಿದ್ದು ಮೇಡಂ. ಆದ್ರೆ ದಿನಾ ಕೇಳ್ತಾಳೆ.'

ಅದು ಇಟಲಿಯ ದಕ್ಷಿಣ ತುದಿ, ಕಲಾಬ್ರಿಯ ಎಂಬ ಪ್ರಾಂತ. ಹೊರಗಿನಿಂದ ಜನ ಹೆಚ್ಚು ಹೋಗದ ಕರಾವಳಿ. ಊರಿನ ಹೆಸರು ಬರೆಯುವುದಿಲ್ಲ. ತಪ್ಪು ಆ ಊರಿನದಲ್ಲ. ನಮ್ಮ ಆಫೀಸಿನಿಂದ ಯಾರೂ ಅಲ್ಲಿಗೆ ಹೋಗಿರಲಿಲ್ಲ. ಅಲ್ಲಿ ಹೋಟೆಲೇ ಇಲ್ಲ. ಮನೆಯ ಮಹಡಿಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುವ ವಯಸ್ಸಾದ ಹೆಂಗಸೊಬ್ಬರು ಸಿಕ್ಕರು. ಅವರಿಗೆ ಇಟಾಲಿಯನ್ ಬಿಟ್ಟು ಬೇರೆ ಭಾಷೆ ಬಾರದು. ನಾನು ಬರೆದದ್ದನ್ನು ಕಂಪ್ಯೂಟರು ಅವರ ಭಾಷೆಗೆ ಹಾಕುತ್ತಿತ್ತು, ಅವರದನ್ನು ನನಗೆ ಅರ್ಥಮಾಡಿಸುತ್ತಿತ್ತು. ಎರಡು ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮೇಲ್ ಆದವು. ಅಷ್ಟು ಆಸ್ಥೆಯಿಂದ ನಾನು ಯಾವ ಫೈಲನ್ನೂ ಮಾಡಿರಲಿಲ್ಲ. ರೈಲಿನ ವೇಳೆ, ಅಂಗಡಿ ಮುಚ್ಚುವ ವೇಳೆ, ಒಲೆ ಗ್ಯಾಸಿನದೋ ಕರೆಂಟಿನದೋ, ಎಲ್ಲವನ್ನೂ ಕೇಳಿದ್ದೆ. ಕ್ಯಾಲೆಂಡರಿನ ಆ ಪುಟದಲ್ಲಿ ಚಿತ್ರದ ಕೆಳಗೆ ತಿಂಗಳ ಹೆಸರಿತ್ತು. ಆಗಸ್ಟ್. ಅದನ್ನೂ ನೋಡಿದ್ದೆ. ಅದು ಅಲ್ಲಿ ಬೇಸಿಗೆಯ ತಿಂಗಳು ಎಂದು ಯೋಚಿಸಲಿಲ್ಲ.

ದಸರೆಗೆ ಹತ್ತು ದಿನ ಇರುವಾಗ ಆ ಹೆಂಗಸಿನ ಕೊನೆಯ ಮೇಲ್ ಬಂತು. ಬೀಗದ ಕೈ ಎಲ್ಲಿ ಇಟ್ಟಿರುತ್ತೇನೆ ಎಂದು ತಿಳಿಸಿದ್ದರು. ಆ ವಾರ ತಾನು ಊರಲ್ಲಿರುವುದಿಲ್ಲ, ಮಗಳ ಬಾಣಂತನಕ್ಕೆ ಹೋಗುತ್ತಿದ್ದೇನೆ ಎಂದಿದ್ದರು. ಕೊನೆಯಲ್ಲಿ ಮೂರು ಸಾಲು ಇದ್ದವು. ಅವನ್ನು ನಾನು ಕನ್ನಡಕ್ಕೆ ಹೀಗೆ ಮಾಡಿಕೊಂಡಿದ್ದೆ:

'ಈ ತಿಂಗಳು ದಡದಲ್ಲಿ ಈಜುವವರನ್ನು ಕಾಯುವವರು ಇರುವುದಿಲ್ಲ. ಮಳೆ ಬಂದರೆ, ಆಮೇಲೆ ಎರಡು ದಿನ, ಹಳ್ಳ ಸಮುದ್ರಕ್ಕೆ ಸೇರುವ ಕಡೆ ನೀರಿಗೆ ಇಳಿಯಬೇಡಿ. ಅಲ್ಲಿ ಮೊಣಕಾಲುದ್ದದ ನೀರೂ ಎಳೆದುಕೊಂಡು ಹೋಗುತ್ತದೆ.'

ಅಂದು ನನ್ನ ಮೇಜಿನ ಮೇಲೆ ಆಯುಧಪೂಜೆಯ ಹದಿನಾಲ್ಕು ಫೈಲುಗಳಿದ್ದವು. ರಂಗಸ್ವಾಮಿಯವರ ಹಾಳೆ ಎರಡನೇ ಪುಟಕ್ಕೆ ಹೋಗುತ್ತಿತ್ತು, ಸರಿಯಾಗಿ ಮೂರು ಸಾಲು. ಆ ಮೂರು ಸಾಲುಗಳಲ್ಲಿ ಒಂದು 'ಇಲ್ಲ', ಒಂದು 'ಬೇಡಿ'. ದಯಾನಂದ್ ಸಾರ್ ಹತ್ತಿರ ಕೇಳಿದರೆ ಏನು ಹೇಳುತ್ತಾರೆ ಎಂದು ಗೊತ್ತಿದ್ದರಿಂದ ಕೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು: ಅವರು ತೆಗೆ ಅನ್ನಲಿಲ್ಲ. ನಾನೇ ತೆಗೆದೆ. ಬಾಯಲ್ಲಿ ಹೇಳಿದರಾಯಿತು ಅಂದುಕೊಂಡೆ. ಮೂರನೇ ದಿನದ ಎದುರಿಗೆ 'ಬೆಳಿಗ್ಗೆ ಕ್ಯಾಲೆಂಡರಿನ ದಡ. ಪ್ರಶಾಂತ ವಾತಾವರಣ, ದಡವೆಲ್ಲ ನಿಮ್ಮದೇ' ಎಂದು ಬರೆದೆ. ಪಕ್ಕದಲ್ಲಿ ಚಿತ್ರವನ್ನೂ ಹಾಕಿದೆ.

ಹಾಳೆ ತೆಗೆದುಕೊಳ್ಳಲು ಭಾಗ್ಯ ಒಬ್ಬರೇ ಬಂದರು. ಎದುರಿಗೆ ಕೂತು ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದಿದರು.

'ಕಲ್ಲಿನ ದಡ, ರಬ್ಬರ್ ಚಪ್ಪಲಿ ಇರಲಿ ಅಂದಿದ್ದೀರಲ್ಲ ಅಕ್ಕ, ಹವಾಯಿ ಸಾಕಾ?'

'ಹಿಂದೆ ಪಟ್ಟಿ ಇರೋದು ತಗೊಳ್ಳಿ.'

'ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ತೆಗೆದಿರಲ್ವಾ? ಸರಿ, ಪುಳಿಯೋಗರೆ ಗೊಜ್ಜು ತಗೊಂಡೋಗ್ತೀನಿ.' ಹಾಳೆಯನ್ನು ಮಡಚದೆ ಪ್ಲಾಸ್ಟಿಕ್ ಕವರಿನೊಳಗೆ ಹಾಕಿಕೊಂಡರು. ಎದ್ದು ನಿಂತು ಕೇಳಿದರು: 'ಇನ್ನೇನಾದ್ರೂ ನಾವು ತಿಳ್ಕೊಂಡಿರ್ಬೇಕಾ ಅಕ್ಕ?'

ಅಷ್ಟರಲ್ಲಿ ನನ್ನ ಇನ್ನೊಂದು ಫೋನು ಹೊಡೆದುಕೊಳ್ಳುತ್ತಿತ್ತು. 'ಎಲ್ಲಾ ಅದರಲ್ಲೇ ಇದೆ ಭಾಗ್ಯ. ಅದರಲ್ಲಿ ಇದ್ದ ಹಾಗೆ ಮಾಡಿ, ಸಾಕು' ಎಂದೆ.

ಮುಂದಿನದನ್ನು ನಾನು ನೋಡಿದವಳಲ್ಲ. ಭಾಗ್ಯ ಆ ದಿನ ಫೋನಿನಲ್ಲಿ ಹೇಳಿದ್ದು, ಆಮೇಲೆ ಮನೆಯಲ್ಲಿ ಹೇಳಿದ್ದು, ಇವೆರಡರಿಂದ ನನಗೆ ತಿಳಿದಷ್ಟನ್ನೇ ಬರೆಯುತ್ತೇನೆ. ಎರಡನೇ ದಿನ ಸಂಜೆಯಿಂದ ಅಲ್ಲಿ ಜೋರು ಮಳೆ. ಮೂರನೇ ದಿನ ಬೆಳಿಗ್ಗೆ ಬಿಸಿಲು. ಆ ಭಾಗದ ಹಳ್ಳಗಳು ವರ್ಷದ ಬಹುಕಾಲ ಬರೀ ಕಲ್ಲು, ಒಂದು ಮಳೆಗೆ ತುಂಬಿ ಹರಿಯುತ್ತವೆ, ದಡದ ಕಲ್ಲುಗಳನ್ನು ಕೊರೆದುಕೊಂಡು ಸಮುದ್ರಕ್ಕೆ ಬೀಳುತ್ತವೆ. ಇವರು ಹೋದಾಗ ಹಳ್ಳದ ನೀರು ಇಳಿದು ಪಾದ ಮುಳುಗುವಷ್ಟೇ ಹರಿಯುತ್ತಿತ್ತು. ದಡದಲ್ಲಿ ಯಾರೂ ಇರಲಿಲ್ಲ. ಸಮುದ್ರ ಹೆಚ್ಚು ಎದ್ದಿರಲೂ ಇಲ್ಲ. ರಂಗಸ್ವಾಮಿ ಪ್ಯಾಂಟು ಮಡಚಿಕೊಂಡು, ಹಳ್ಳ ಸಮುದ್ರಕ್ಕೆ ಸೇರುವ ಕಡೆಯೇ ನೀರಿನಲ್ಲಿ ನಿಂತರು. ಭಾಗ್ಯ ಫೋನು ಹಿಡಿದು, ಕ್ಯಾಲೆಂಡರಿನ ಮನುಷ್ಯ ನಿಂತ ಹಾಗೆ ಬರಲಿ ಎಂದು, 'ಇನ್ನೊಂದ್ ಹೆಜ್ಜೆ ಹಿಂದೆ' ಎಂದರು. ಕಾಲಡಿಯ ಕಲ್ಲು ಜಾರಿ ರಂಗಸ್ವಾಮಿ ಕುಳಿತಂತೆ ಬಿದ್ದರು. ನಕ್ಕರು. ಏಳುವಷ್ಟರಲ್ಲಿ ನೀರು ಅವರನ್ನು ಆಚೆಗೆ ಒಯ್ದಿತ್ತು. ಅವರಿಗೆ ಈಜು ಬರುತ್ತಿರಲಿಲ್ಲ. ಮೀನಿನ ದೋಣಿಯವರು ಅವರನ್ನು ತಂದಾಗ ಒಂದು ಗಂಟೆ ಕಳೆದಿತ್ತು.

ಪೀಣ್ಯದಲ್ಲಿ ಆಗ ಮಧ್ಯಾಹ್ನ. ಫೋನಿನಲ್ಲಿ ಭಾಗ್ಯ ಮೊದಲು ಹೇಳಿದ್ದು 'ಅಕ್ಕ, ಇಲ್ಲಿ ಯಾರಿಗೂ ನಮ್ಮ ಮಾತು ಬರಲ್ಲ' ಎಂದು.

ಆ ವಾರ ನಾನೂ ದಯಾನಂದ್ ಸಾರೂ ಮಾಡಬೇಕಾದದ್ದನ್ನೆಲ್ಲ ಮಾಡಿದೆವು. ರಾಯಭಾರ ಕಚೇರಿ, ಆಸ್ಪತ್ರೆಯ ಕಾಗದ, ದೇಹ ತರಿಸುವುದು. ಅದರ ನಡುವೆ ಮನೆಯ ಒಡತಿಯ ಮೇಲ್ ಬಂತು. ಒಂದೇ ಸಾಲು: 'ನಾನು ಬರೆದಿದ್ದೆನಲ್ಲ, ಅವರು ಓದಲಿಲ್ಲವೇ?'

ಅದನ್ನು ದಯಾನಂದ್ ಸಾರ್‌ಗೆ ತೋರಿಸಿದೆ. ಮೂರು ಸಾಲು ತೆಗೆದದ್ದನ್ನೂ ಹೇಳಿದೆ. ಅವರು ಹಾಳೆಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದರು.

'ಇದರಲ್ಲಿ ನೀವು ಬರೆದಿರೋದು ಒಂದಾದ್ರೂ ತಪ್ಪಿದೆಯಾ? ತೋರಿಸಿ.'

'ಇಲ್ಲ ಸಾರ್.'

'ಮತ್ತೆ? ಸಮುದ್ರ ವನಜಾ ಅದು. ಸಮುದ್ರಕ್ಕೆ ಯಾರು ಜವಾಬ್ದಾರಿ? ಮೇಲ್ ಅಲ್ಲೇ ಇರಲಿ. ಯಾರಿಗೂ ತೋರಿಸೋಕೆ ಹೋಗ್ಬೇಡಿ.'

ವೈಕುಂಠ ಸಮಾರಾಧನೆಯ ದಿನ ಲಗ್ಗೆರೆಗೆ ಹೋದೆ. ಮನೆ ತುಂಬ ಜನ. ರಂಗಸ್ವಾಮಿಯವರ ಅಕ್ಕ ಬಾಗಿಲಲ್ಲೇ ಕೂತು ಬಂದವರಿಗೆಲ್ಲ ಕೇಳುವ ಹಾಗೆ, 'ಫೋಟೋ ಹುಚ್ಚಿಗೆ ನನ್ನ ತಮ್ಮನ್ನ ನೀರಿಗೆ ನಿಲ್ಲಿಸಿದ್ಲು' ಎನ್ನುತ್ತಿದ್ದರು. ಭಾಗ್ಯ ಒಳಗಿನ ಕೋಣೆಯಲ್ಲಿದ್ದರು. ನನ್ನ ಕೈ ಹಿಡಿದುಕೊಂಡರು.

'ಅವರು ಹೇಳೋದು ಸುಳ್ಳಲ್ಲ ಅಕ್ಕ. ನಾನೇ ಹಿಂದೆ ಹೋಗಿ ಅಂದೆ. ಕಿರಣ ನನ್ನ ಹತ್ರ ಮಾತಾಡ್ತಿಲ್ಲ. ತಟ್ಟೆ ಇಟ್ರೆ ತಟ್ಟೆ ನೋಡಿ ಉಣ್ತಾನೆ, ತಲೆ ಎತ್ತಲ್ಲ.'

ಕಿರಣ ಅವರ ಒಬ್ಬನೇ ಮಗ. ಕಾರ್ಖಾನೆಯನ್ನು ಈಗ ಅವನೇ ನೋಡಿಕೊಳ್ಳುತ್ತಾನೆ. ನನ್ನ ಬ್ಯಾಗಿನಲ್ಲಿ ಆ ಮೂರು ಸಾಲಿದ್ದ ಮೇಲ್‌ನ ಪ್ರಿಂಟ್ ಇತ್ತು. ಹೊರಡುವಾಗ ಹಾಕಿಕೊಂಡಿದ್ದೆ. ಕೊಡಲಿಲ್ಲ. ಬೇಳೆ ಪಾಯಸ ಬಡಿಸಿದರು. ಉಂಡು ಬಂದೆ.

ಅದಾದ ಮೇಲೆ ಮೂರು ವರ್ಷ ಕೆಲಸ ಮಾಡಿದೆ. ಹಾಳೆಯಲ್ಲಿ 'ಇಲ್ಲ', 'ಬೇಡಿ' ಬರೆಯತೊಡಗಿದೆ. ಎರಡು ಪುಟವಾದರೆ ಎರಡು ಪುಟ. ದಯಾನಂದ್ ಸಾರ್ ನೋಡಿಯೂ ಏನೂ ಅನ್ನಲಿಲ್ಲ. ಅಷ್ಟರಿಂದ ನನಗೆ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಈಗ ಕಂಪ್ಯೂಟರಿಗೆ ಊರಿನ ಹೆಸರು ಕೊಟ್ಟರೆ ಅದೇ ಪ್ರವಾಸದ ಹಾಳೆ ಬರೆದುಕೊಡುತ್ತದೆ. ನಿವೃತ್ತಿಗೆ ಮುಂಚೆ ಒಂದು ದಿನ ಆ ಊರಿನ ಹೆಸರನ್ನೇ ಕೊಟ್ಟು ಅಕ್ಟೋಬರ್ ಎಂದು ನಮೂದಿಸಿದೆ. ಪ್ರಶಾಂತ, ಜನರಿಲ್ಲದ ದಡ ಎಂದು ಬರೆಯಿತು. ನಾನು ಬರೆದದ್ದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಈ ವರ್ಷ ನಿವೃತ್ತಿಯಾದೆ. ಶಾಲು ಹೊದಿಸಿ, ಮೈಸೂರ್ ಪಾಕ್ ಕೊಟ್ಟರು. ಮರುವಾರ ಕಾಡುಗೋಡಿಯಿಂದ ಮೆಟ್ರೋ ಹಿಡಿದು, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಕೊನೆಗೆ ಆಟೋದಲ್ಲಿ ಲಗ್ಗೆರೆಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕು ಎಂದು ಜೋಡಿಸಿಕೊಂಡಿದ್ದೆ. ಭಾಗ್ಯ ಬಾಗಿಲು ತೆಗೆದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಾಫಿ ತರುತ್ತೇನೆ ಎಂದವರನ್ನು ಕೂರಿಸಿ ಪ್ರಿಂಟನ್ನು ಕೈಗೆ ಕೊಟ್ಟೆ. ಆ ಮೂರು ಸಾಲಿನ ಕನ್ನಡವನ್ನು ಕೆಳಗೆ ಬರೆದಿದ್ದೆ. ಅವರು ಬೆರಳಿಟ್ಟು ಓದಿದರು. ಮತ್ತೆ ಮೊದಲಿನಿಂದ ಓದಿದರು.

'ಇದು ಯಾವಾಗ ಬಂತು ಅಕ್ಕ?'

'ನೀವು ಹೊರಡೋಕೆ ಮುಂಚೆ.'

'ಹಾಳೆ ಕೊಡೋಕೆ ಮುಂಚೆನಾ, ಆಮೇಲಾ?'

'ಮುಂಚೆ. ನಾನೇ ತೆಗೆದುಹಾಕಿದೆ. ಒಂದು ಪುಟದಲ್ಲಿ ಹಿಡಿಸಲಿಲ್ಲ. ಇಲ್ಲ, ಬೇಡಿ ಅಂತೆಲ್ಲ ಬರೀಬಾರದು ಅಂತ ಇತ್ತು.'

ಭಾಗ್ಯ ಎದ್ದು ಒಳಗೆ ಹೋದರು. ಬೀರು ತೆಗೆದ ಸದ್ದು ಕೇಳಿಸಿತು. ಬಂದಾಗ ಕೈಯಲ್ಲಿ ಅದೇ ಪ್ಲಾಸ್ಟಿಕ್ ಕವರು. ಒಳಗೆ ನನ್ನ ಹಾಳೆ. ಒಂದೊಂದು ಸಾಲಿನ ಎದುರಿಗೂ ಪೆನ್ನಿನಲ್ಲಿ ಸರಿ ಗುರುತು ಹಾಕಿದ್ದರು. ಚಪ್ಪಲಿ, ಸರಿ. ನೀರಿನ ಬಾಟಲಿ, ಸರಿ. ಮಧ್ಯಾಹ್ನದೊಳಗೆ ಅಂಗಡಿ, ಸರಿ. ಸಮುದ್ರದಿಂದ ಬಂದು ಸಿಹಿನೀರಿನಲ್ಲಿ ಸ್ನಾನ ಎಂಬ ಸಾಲಿನ ಎದುರಿಗೆ ಗುರುತು ಇರಲಿಲ್ಲ. ಅಲ್ಲಿಂದ ಕೆಳಗೆ ಯಾವುದಕ್ಕೂ ಇರಲಿಲ್ಲ.

'ಇದರಲ್ಲಿ ಹೇಳಿದ್ದು ಒಂದೂ ಬಿಟ್ಟಿಲ್ಲ ನಾನು' ಎಂದರು. ದನಿ ಏರಲಿಲ್ಲ. 'ವಿಮಾನದಲ್ಲಿ ಅವರಿಗೂ ಓದಿ ಹೇಳಿದೆ. ಅವರು ನಕ್ಕರು, ಬಾಯಿಪಾಠ ಮಾಡಿಸ್ತೀಯಾ ಅಂತ. ನಂಗೆ ಓದಕ್ಕೆ ಬರುತ್ತೆ ಅಕ್ಕ. ಬರ್ದಿದ್ರೆ ಓದ್ತಿದ್ದೆ.'

ನಾನು ಕೈ ಮುಗಿದೆ. ಅವರು ಅದನ್ನು ನೋಡಲಿಲ್ಲ. ಹಾಳೆಯನ್ನು ಕವರಿನಿಂದ ತೆಗೆದು ಟೀಪಾಯಿಯ ಮೇಲೆ ನನ್ನ ಕಡೆಗೆ ತಿರುಗಿಸಿ ಇಟ್ಟರು. ಟಿವಿಯ ಪಕ್ಕದಿಂದ ಪೆನ್ನು ತಂದು ಮುಚ್ಚಳ ತೆಗೆದು ಕೊಟ್ಟರು.

'ಬರೀರಿ. ಎಲ್ಲಿ ಇರಬೇಕಿತ್ತೋ ಅಲ್ಲೇ ಬರೀರಿ. ಯಾರು ತೆಗೆದದ್ದು ಅಂತಾನೂ ಬರೀರಿ. ಕಿರಣ ಸಂಜೆ ಊಟಕ್ಕೆ ಬರ್ತಾನೆ. ತಟ್ಟೆ ಪಕ್ಕ ಇಡ್ತೀನಿ.'

ಆ ಹಾಳೆಯನ್ನು ನಾನು ಮೂರು ವರ್ಷದಿಂದ ನೋಡಿರಲಿಲ್ಲ. ಎಲ್ಲಿ ಬರೆಯುವುದು ಎಂದು ಹುಡುಕಿದೆ. ಪಕ್ಕದಲ್ಲಿ ಹಾಕಿದ ಚಿತ್ರ ಸಾಲುಗಳಿಗಿಂತ ಕೆಳಗಿನವರೆಗೆ ಬಂದಿದ್ದರಿಂದ, ಮೂರನೇ ದಿನದ ಕೆಳಗೆ ಎರಡು ಬೆರಳಿನಷ್ಟು ಬಿಳಿ ಉಳಿದುಕೊಂಡಿತ್ತು. ಅಕ್ಷರ ಸ್ವಲ್ಪ ಸಣ್ಣದು ಮಾಡಿ ಬರೆದೆ. ಮೂರೂ ಸಾಲು ಹಿಡಿಸಿದವು. ನನ್ನ ಹೆಸರಿಗೂ ಜಾಗ ಇತ್ತು.